ಬೆನ್ನ ಹಿಂದಿನ ಕೈ

ಗುರುಗಳೇ ಅಂತ ಕರೆದರೆ ನೀವು ನಕ್ಕುಬಿಡುತ್ತಿದ್ದಿರಿ. ಅದಕ್ಕೇ ಎಂದಿನ ಹಾಗೆ, ಸರ್,

ವಾರ್ಡಿನಲ್ಲಿ ಪಿಜಿ ವಿದ್ಯಾರ್ಥಿಗಳಿಗೆ ಅಂಕ ಹಾಕಿ ಈಗಷ್ಟೇ ಬಂದು ಕೂತಿದ್ದೇನೆ. ಕಾಲು ಸೇದುತ್ತಿವೆ. ಚಹಾ ಮುಂದಿದೆ, ಕುಡಿಯುವ ಮನಸ್ಸಿಲ್ಲ. ನೀವು ಹೋದ ಮೇಲೆ ರಾಯಚೂರಿನ ಬಿಸಿಲು ಕಡಿಮೆಯಾಗಿಲ್ಲ, ನಾವು ಡಾಕ್ಟರುಗಳೂ ಅಂಥಾದ್ದೇನೂ ಬದಲಾಗಿಲ್ಲ. ನಿಮಗೊಂದು ವಿಷಯ ಹೇಳುವುದು ಉಳಿದುಬಿಟ್ಟಿದೆ. ಹೇಳಬೇಕು ಅಂತ ಎಷ್ಟು ಸಲ...

ನನ್ನ ಮೊದಲ ವಾರ ನೆನಪಿದೆಯಾ? ಎದೆಯಲ್ಲಿ ನೀರು ತುಂಬಿ ಏದುಸಿರು ಬಿಡುತ್ತಿದ್ದ ಕವಿತಾಳದ ಅಜ್ಜ. ಅವನನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಬೆನ್ನಿನ ಕಡೆಯಿಂದ ಪಕ್ಕೆಲುಬಿನ ಸಂದಿಯಲ್ಲಿ ಸೂಜಿ ಇಳಿಸಿ ನೀರು ತೆಗೆಯಬೇಕಿತ್ತು. ನಾನು ಗ್ಲೌಸ್ ಹಾಕಿಕೊಂಡು ತಯಾರಾಗಿದ್ದೆ. ನೀವು ಬಂದವರೇ, "ನೀ ಬ್ಯಾಡವ್ವಾ ರಿಜ್ವಾನಾ, ನೀ ಕುಂದ್ರು. ವೀರೇಶ ಮಾಡ್ತಾನ," ಅಂದಿರಿ. ವೀರೇಶ ನನ್ನದೇ ಬ್ಯಾಚಿನವನು, ನನ್ನಷ್ಟೇ ಹೆದರಿದ್ದ. ಸೂಜಿ ತಪ್ಪಿತು, ಇನ್ನೊಮ್ಮೆ ತಪ್ಪಿತು. "ಇರಲಿ ಬಿಡಲೇ, ಮಾಡ್ತಾ ಮಾಡ್ತಾ ಕೈ ಕುಂದರ್ತದ," ಅಂತ ಅವನ ಬೆನ್ನು ತಟ್ಟಿದಿರಿ. ನನಗೆ ನೀವೇ ಕುರ್ಚಿ ಎಳೆದು ಕೊಟ್ಟಿದ್ದಿರಿ. ಕೋರ್ಸ್ ಮುಗಿಯುವವರೆಗೂ ನಾನು ಆ ಕುರ್ಚಿಯಲ್ಲೇ ಕೂತಿದ್ದೆ ಅನ್ನಬೇಕು.

ರಮಜಾನಿನ ಸಂಜೆಗಳು ನೆನಪಾಗುತ್ತವೆ. "ಹೋಗವ್ವಾ, ಹೊತ್ತು ಮುಳುಗ್ತು, ರೋಜಾ ಬಿಡು, ನಿನ್ನ ಪೇಷಂಟ್ ನಾ ನೋಡ್ತೀನಿ," ಅಂತ ನನ್ನನ್ನು ಕಳಿಸುತ್ತಿದ್ದಿರಿ. ಸಿರವಾರದ ನಿಮ್ಮ ಮನೆಯಿಂದ ಬುತ್ತಿ ಬಂದರೆ ಎಣ್ಣೆಗಾಯಿ ಮೊದಲು ನನ್ನ ತಟ್ಟೆಗೆ ಬೀಳುತ್ತಿತ್ತು. ನೀವು ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು ಸರ್, ಬೈದುಕೊಂಡು ಹಗುರಾಗುತ್ತಿದ್ದೆ. ಇಷ್ಟು ಅಕ್ಕರೆಯ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಆದರೂ ಮಾಡಿಕೊಂಡೆ. ನಿಮಗೆ ಗೊತ್ತಾಗಲಿಲ್ಲ ಅಷ್ಟೇ.

ನೀವು ನಮ್ಮನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಅಂಕ ಹೇಳುತ್ತಿದ್ದ ದಿನಗಳು ಇನ್ನೂ ಕಣ್ಣಮುಂದಿವೆ. "ವೀರೇಶಂದು ಕೈ ಚಲೋ ಅದ. ನೀ ಭಾಳ ಶಾಣ್ಯಾಕಿ, ರೋಗಿ ಜೋಡಿ ಚಂದ ಮಾತಾಡ್ತಿ. ಆದ್ರ ಕೈಗೆ ಧೈರ್ಯ ಸಾಲದವ್ವಾ." ಕೈಗೆ ಸೂಜಿಯನ್ನೇ ಕೊಡದಿದ್ದರೆ ಧೈರ್ಯ ಎಲ್ಲಿಂದ ಬರಬೇಕಿತ್ತು? ವೀರೇಶ ದನಿ ಏರಿಸಿದರೆ ಗಟ್ಟಿಗ. ನಾನು ಏರಿಸಿದರೆ, "ಯಾಕವ್ವಾ, ಮನ್ಯಾಗ ಏನರ ಜಗಳ ಆಗ್ಯದೇನು?" ಕೊನೆಗೆ ವಾರ್ಡಿನ ಕೆಲಸ ಅವನಿಗೆ ಸಿಕ್ಕಿತು, ನನಗೆ ದೇವದುರ್ಗ. ಮಾನ್ವಿಯ ಮನೆಗೆ ಹೋದಾಗ ಅಮ್ಮಿ ಕೇಳಿದ್ದು ಒಂದೇ: "ತೇರೇ ಸರ್ ಕ್ಯಾ ಬೋಲೇ?" ನಿಮ್ಮ ಸರ್ ಏನಂದ್ರು ಅಂತ. ಚೆನ್ನಾಗಿ ಹೇಳಿದರು ಅಂತ ಹೇಳಿ ರೊಟ್ಟಿ ಮುರಿದೆ. ನನಗೆ ಪದಕ ಬೇಕಿರಲಿಲ್ಲ. ಕೈ ಚಲೋ ಅದ ಅನ್ನುವ ಅದೊಂದು ಮಾತು ನಿಮ್ಮ ಬಾಯಿಂದ ಬೇಕಿತ್ತು.

ದೇವದುರ್ಗದ ಆಸ್ಪತ್ರೆಯಲ್ಲಿ ಮೊದಲ ದಿನ ಒಬ್ಬ ಮುದುಕಿ, "ದೊಡ್ಡ ಡಾಕ್ಟರ್ ಯಾವಾಗ ಬರ್ತಾರಬೇ?" ಅಂತ ನನ್ನನ್ನೇ ಕೇಳಿದಳು. "ಬಂದೀನಿ ಯವ್ವಾ, ಮುಂದಕ್ಕ ಬಾಗು," ಅಂದೆ. ಅಲ್ಲಿ ನಾನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಕುರ್ಚಿ ಎಳೆದು ಕೊಡುವವರೂ ಇರಲಿಲ್ಲ. ಕೈ ಕೂತಿತು, ಸರ್. ನೀವು ಹೇಳಿದ ಹಾಗೆಯೇ, ಮಾಡ್ತಾ ಮಾಡ್ತಾ.

ನೀವೇ ನಮ್ಮ ವಾರ್ಡಿನಲ್ಲಿ ರೋಗಿಯಾಗಿ ಮಲಗಿದ್ದ ಆ ಮಧ್ಯಾಹ್ನ. ಅಷ್ಟೊತ್ತಿಗೆ ನಾನು ರಾಯಚೂರಿಗೆ ಮರಳಿದ್ದೆ. ಕ್ಯಾನ್ಸರ್ ನಿಮ್ಮ ಎದೆಯಲ್ಲಿ ನೀರು ತುಂಬಿಸಿತ್ತು, ಮಾತಿಗೂ ಉಸಿರು ಸಾಲುತ್ತಿರಲಿಲ್ಲ. "ಯಾರರ ಮಾಡ್ರಿ, ಲಗೂ ಮುಗಸ್ರಿ," ಅಂದು ಮೇಜಿನ ಮೇಲಿನ ದಿಂಬಿಗೆ ಹಣೆ ಊರಿದಿರಿ. ವೀರೇಶ ಮುಂದೆ ನಿಂತು ನಿಮ್ಮ ಹೆಗಲು ಹಿಡಿದ. ಆಮೇಲೆ ಬಂದ ನನ್ನನ್ನು ನೋಡಿ, ನೀನೇ ಮಾಡು ಅಂತ ಕಣ್ಣಲ್ಲೇ ಹೇಳಿದ. ನಿಮ್ಮ ಬೆನ್ನು ಎಷ್ಟು ಇಳಿದುಹೋಗಿತ್ತು... ಪಕ್ಕೆಲುಬು ಹುಡುಕಬೇಕಾದ ಕೆಲಸವೇ ಇರಲಿಲ್ಲ. ಒಂದೇ ಸಲಕ್ಕೆ ನೀರು ಬಂತು. ಸ್ವಲ್ಪ ಹೊತ್ತಿಗೆ ನಿಮ್ಮ ಉಸಿರು ಹದಕ್ಕೆ ಬಂತು. ತಲೆ ಎತ್ತದೆಯೇ ಕೇಳಿದಿರಿ: "ಯಾರಲೇ ವೀರೇಶ, ಈ ಹುಡುಗ? ಸೂಜಿ ಹೋಗಿದ್ದ ಗೊತ್ತಾಗಲಿಲ್ಲ. ಕೈ ಭಾಳ ಚಲೋ ಅದ."

ವೀರೇಶ ಬಾಯಿ ತೆರೆದ. ನಾನು ಬೇಡ ಅಂತ ತಲೆಯಾಡಿಸಿದೆ. ಕಣ್ಣು ತುಂಬಿದ್ದವು, ಕೈ ಮಾತ್ರ ಅಲುಗುವ ಹಾಗಿರಲಿಲ್ಲ. ಮರುದಿನ ಬೆಳಗಿನ ರೌಂಡ್ಸಿನಲ್ಲಿ ನಾನೇ ಮುಂದೆ ನಿಂತು ಹೇಳೋಣ, ನಿಮ್ಮನ್ನು ಸ್ವಲ್ಪ ಕಾಡಿಸೋಣ ಅಂತ ಆಸೆಯಿತ್ತು. ಸಂಜೆಗೇ ಮನೆಯವರು ನಿಮ್ಮನ್ನು ಸಿರವಾರಕ್ಕೆ ಕರೆದೊಯ್ದರು. ಆಮೇಲೆ ಬಂದದ್ದು ನೀವು ಹೋದಿರಿ ಅನ್ನುವ ಫೋನ್.

ಇವತ್ತು ನನ್ನ ವಿದ್ಯಾರ್ಥಿನಿ, ಗುಂಜಹಳ್ಳಿಯ ನಾಗವೇಣಿಯ ಸರದಿ. ನನ್ನ ಜೊತೆ ಅಂಕ ಹಾಕುತ್ತಿದ್ದ ಹಿರಿಯ ಡಾಕ್ಟರು, "ಹುಡುಗಿ ಶಾಣ್ಯಾ ಇದ್ದಾಳ್ರಿ ಮೇಡಂ, ಕೈಗೆ ಧೈರ್ಯ ಕಮ್ಮಿ," ಅಂದರು. ಅವಳು ಆಗಿನ್ನೂ ಸೂಜಿ ಮುಟ್ಟಿರಲಿಲ್ಲ. "ಸರ್, ನೀವು ರೋಗಿ ಎದುರಿಗೆ ಕುಂದರ್ರಿ. ಆತನ ಮುಖ ನೋಡಿ ಅಂಕ ಹಾಕ್ರಿ," ಅಂತ ಅವರಿಗೆ ಅಂದೆ. ಗೊಣಗುತ್ತಾ ಕೂತರು. ನಾಗವೇಣಿ ಸೂಜಿ ಇಳಿಸಿದಾಗ ರೋಗಿಯ ಹುಬ್ಬು ಗಂಟಾಗಲಿಲ್ಲ. ಅಂಕ ಹಾಕಿದರು, ಪೂರ್ತಿಯಲ್ಲ, ಆದರೆ ಅವರ ಮನಸ್ಸಿನಲ್ಲಿದ್ದುದಕ್ಕಿಂತ ಹೆಚ್ಚು. ನಾಳೆ ಇನ್ನೊಬ್ಬ ಹುಡುಗಿ, ಮತ್ತೆ ಇದೇ ಮಾತು. ಸಾಕಾಗಿದೆ ಸರ್. ಆದರೂ ನಾಳೆ ಹೋಗುತ್ತೇನೆ, ಕುರ್ಚಿಯನ್ನು ಮತ್ತೆ ರೋಗಿಯ ಎದುರಿಗೇ ಹಾಕಿಸುತ್ತೇನೆ.

ನನ್ನ ವಾರ್ಡಿನಲ್ಲಿ ಈಗೊಂದು ಪದ್ಧತಿ ಇದೆ. ಸೂಜಿ ಹಿಡಿಯುವವರು ಮೊದಲು ರೋಗಿಯ ಮುಂದೆ ಬಂದು, ಮಾಸ್ಕ್ ಇಳಿಸಿ, ಹೆಸರು ಹೇಳಿ, ಆಮೇಲೆ ಬೆನ್ನ ಹಿಂದೆ ಹೋಗಬೇಕು. "ಅಜ್ಜಾ, ನಾ ನಾಗವೇಣಿ. ಸೂಜಿ ಹಾಕಾಕಿ ನಾನ," ಅಂತ ಇವತ್ತು ಅವಳೂ ಹೇಳಿದಳು. ಯಾಕೆ ಈ ಪದ್ಧತಿ ಅಂತ ಹುಡುಗರು ಕೇಳುತ್ತಾರೆ. ನಾನು ಹೇಳುವುದಿಲ್ಲ. ಅದನ್ನು ಮೊದಲು ನಿಮಗೇ ಹೇಳಬೇಕಿತ್ತು.

ಆ ಮಧ್ಯಾಹ್ನ ನಿಮ್ಮ ಮುಂದೆ ಬರಲಿಲ್ಲ, ಈಗ ಬಂದಿದ್ದೇನೆ. ನಾನು ರಿಜ್ವಾನಾ, ಸರ್. ಆ ಹುಡುಗ ನಾನೇ.