ರುಚಿ ನೋಡುವುದು ತಿನ್ನುವುದಲ್ಲ

ಬೇಕರಿಯ ಮಹಡಿ ಮನೆ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ ನಿಮ್ಮ ದೊಡ್ಡ ಸೊಸೆಯ ನಮಸ್ಕಾರಗಳು.

ಮೊದಲು ನಿಮ್ಮ ಆರೋಗ್ಯದ ವಿಷಯ ಹೇಳಿ. ಮಂಡಿ ನೋವು ಹೇಗಿದೆ? ಮೈದುನನ ಮನೆಯ ಮೆಟ್ಟಿಲು ಕಡಿದು. ಹತ್ತಿ ಇಳಿಯುವಾಗ ಗೋಡೆ ಹಿಡಿದುಕೊಳ್ಳಿ, ಯಾರಾದರೂ ನೋಡಿಯಾರು ಎಂದು ಸಂಕೋಚಪಡಬೇಡಿ. ಕಣ್ಣಿಗೆ ಹಾಕುವ ಔಷಧ ಮುಗಿದಿದ್ದರೆ ನನ್ನ ವಾರಗಿತ್ತಿಗೆ ಹೇಳಿ ತರಿಸಿಕೊಳ್ಳಿ. ಅವಳ ಮಾತು ಸ್ವಲ್ಪ ಒರಟು, ಮನಸ್ಸು ಹಾಗಲ್ಲ. (ನನ್ನ ಬಗ್ಗೆಯೂ ಅವಳ ಹತ್ತಿರ ನೀವು ಇದೇ ಮಾತು ಹೇಳುತ್ತಿರಬಹುದು ಎಂದು ನನಗೊಂದು ಆಸೆ.) ಫೋನಿನಲ್ಲಿ ನೀವು ಮಗನ ಜೊತೆ ಮಾತಾಡಿ, ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಅರ್ಧ ಓದಿದ ಕಾಗದವನ್ನು ಪಕ್ಕಕ್ಕಿಡುವ ಜಾಯಮಾನ ನಿಮ್ಮದಲ್ಲ.

ಮುಖ್ಯ ಸುದ್ದಿ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಎದೆ ಹಿಡಿದುಕೊಂಡು ಓದುತ್ತೀರಿ. ನಿಮ್ಮ ಮಗನ ಕೊಲೆಸ್ಟ್ರಾಲ್ ಇಳಿದಿದೆ. ಕಳೆದ ವಾರ ರಕ್ತ ಪರೀಕ್ಷೆಯಾಯಿತು. ಡಾಕ್ಟರಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿ, "ಇದು ನಿಮ್ದೇ ತಾನೆ?" ಎಂದು ಕೇಳಿದರು. ಸದ್ಯಕ್ಕೆ ಮಾತ್ರೆ ಬೇಡ, ಹೀಗೇ ಮುಂದುವರಿಸಿ, ಆದರೆ ಪರೀಕ್ಷೆ ತಪ್ಪಿಸಬೇಡಿ ಎಂದರು. ಇವರು ಆಸ್ಪತ್ರೆಯ ಬಾಗಿಲು ದಾಟುವವರೆಗೆ ಗಂಭೀರವಾಗಿದ್ದರು. ಬೀದಿಗೆ ಬಂದ ಮೇಲೆ ಮೀಸೆಯ ಕೆಳಗೆ ನಗು ತಡೆಯಲಾಗಲಿಲ್ಲ.

ಈಗ ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ, ನೀವು ಅರ್ಧ ಮಾತ್ರ ನೋಡಿ ಹೋದಿರಿ. ಮೂರು ತಿಂಗಳು ಊಟ ಬದಲಿಸಿ, ದಿನಾ ನಡೆದು ನೋಡೋಣ, ಆಮೇಲೆ ಮಾತ್ರೆಯ ಮಾತು ಎಂದು ಡಾಕ್ಟರಮ್ಮ ಹೇಳಿದ ವಾರವೇ ನಾನು ತಟ್ಟೆಯಿಂದ ಬೆಣ್ಣೆ ತೆಗೆದೆ, ಕರಿದದ್ದು ನಿಲ್ಲಿಸಿದೆ. "ಬೇಕರಿ ಮನೇಲಿ ಬೆಣ್ಣೆಗೆ ಬರ ಬಂತಾ? ನನ್ನ ಮಗನ್ನ ಉಪವಾಸ ಕೆಡವ್ತೀಯಾ?" ಎಂದು ನೀವು ಮುಖ ಊದಿಸಿಕೊಂಡು ಮೈದುನನ ಮನೆಗೆ ಹೊರಟಿರಿ. ನಾನು ತಡೆಯಲಿಲ್ಲ. ನನಗೆ ಆಗ ಭಯವಾಗಿತ್ತು ಅತ್ತೆ. ಮಾವನವರು ಒಲೆಯ ಮುಂದೆ ಕುಸಿದು ಬಿದ್ದಾಗ ಅವರಿಗೆ ಇದ್ದ ವಯಸ್ಸೇ ಇವರಿಗೆ ಈಗ. ಅವತ್ತು ಸಲಾಕೆ ಕೆಳಗೆ ಬಿದ್ದ ಸದ್ದು ನಿಮಗೂ ಕೇಳಿತ್ತು, ನನಗೂ ಕೇಳಿತ್ತು. ಆ ಭಯಕ್ಕೆ ನೀವು ಮಗನಿಗೆ ಇನ್ನೊಂದು ತುತ್ತು ಹಾಕುತ್ತಿದ್ದಿರಿ, ನಾನು ಒಂದು ತುತ್ತು ಕಸಿದುಕೊಳ್ಳುತ್ತಿದ್ದೆ.

ನೀವು ಹೋದ ಮೇಲೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಬೆಳಿಗ್ಗೆ ಓಟ್ಸ್ ಗಂಜಿ, ಮಧ್ಯಾಹ್ನ ಕಾಳು, ಸೊಪ್ಪು, ಸಂಜೆ ಒಂದು ಸೇಬು, ಒಂದು ಹಿಡಿ ಬಾದಾಮಿ. ಓಟ್ಸ್ ನೋಡಿ "ಇದು ಪೋಸ್ಟರ್ ಅಂಟಿಸೋ ಗೋಂದಲ್ವೇನೇ?" ಎಂದರು, ತಿಂದರು. ನಡೆಯುವುದಕ್ಕೆ ಮಾತ್ರ ಸುತರಾಂ ಒಪ್ಪಲಿಲ್ಲ. "ಒಲೆಯಿಂದ ಗಲ್ಲಾಕ್ಕೆ, ಗಲ್ಲಾದಿಂದ ಒಲೆಗೆ ದಿನವಿಡೀ ನಡೀತಾನೇ ಇರ್ತೀನಲ್ಲ" ಎಂಬ ವಾದ. ಕೊನೆಗೆ ಡಾಕ್ಟರಮ್ಮ ಗದರಿದ ಮೇಲೆ ಸಂಜೆ ಹೊತ್ತು ನಾನು ಗಲ್ಲಾದಲ್ಲಿ ಕೂತೆ, ಇವರು ರೈಲ್ವೆ ಸೇತುವೆಯ ತನಕ ಹೊರಟರು. ಮೊದಲ ವಾರ ಸೇತುವೆಯ ಮೆಟ್ಟಿಲ ಮೇಲೆ ಕೂತು ರೈಲು ನೋಡಿಕೊಂಡು ಬಂದರಂತೆ. ಆಮೇಲಾಮೇಲೆ ಸೇತುವೆ ದಾಟಿ, ಆಚೆ ಕಡೆಯ ಉದ್ಯಾನ ಸುತ್ತಿ, ಬೆವರು ಸುರಿಸಿಕೊಂಡು ಬರತೊಡಗಿದರು.

ಇಷ್ಟೆಲ್ಲ ಮಾಡಿ ಮೂರು ತಿಂಗಳ ಮೇಲೆ ಪರೀಕ್ಷೆ ಮಾಡಿಸಿದರೆ ಆ ಹಾಳು ಸಂಖ್ಯೆ ಜಪ್ಪಯ್ಯ ಎಂದರೂ ಕದಲಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಇವರು ಹೊರಗೆ ಕದ್ದು ತಿನ್ನುತ್ತಾರೆ ಎಂದೇ ಅಂದುಕೊಂಡೆ. ಜೇಬು ತಡಕಿದೆ, ಸಂಜೆ ನಡೆದು ಬಂದ ಇವರ ಬಾಯಿ ಮೂಸಿದೆ. ಡಾಕ್ಟರಮ್ಮ ಬೆಳಗಿನಿಂದ ರಾತ್ರಿಯವರೆಗೆ ತಿಂದದ್ದೆಲ್ಲ ಹೇಳಿ ಎಂದಾಗ ಇವರು ನಾನು ಬಡಿಸಿದ್ದನ್ನು ಮಾತ್ರ ಹೇಳಿದರು, ಅದೂ ತಲೆ ಎತ್ತಿಕೊಂಡು. ಸುಳ್ಳು ಹೇಳುವಾಗ ಇವರ ಕಿವಿ ಕೆಂಪಾಗುತ್ತದೆ, ನಿಮಗೂ ಗೊತ್ತು. ಅವತ್ತು ಕಿವಿ ಕೆಂಪಾಗಿರಲಿಲ್ಲ. ಹಾಗಾದರೆ ಶರೀರದಲ್ಲೇ ಏನೋ ಇದೆ, ಇನ್ನು ಮಾತ್ರೆಯೇ ಗತಿ ಎಂದು ಇಬ್ಬರೂ ಕೈಚೆಲ್ಲಿದೆವು. ಡಾಕ್ಟರಮ್ಮ ಇನ್ನೊಂದು ಸಲ ನೋಡೋಣ, ಆಗದಿದ್ದರೆ ಮಾತ್ರೆ, ಅದರಲ್ಲಿ ಅವಮಾನವೇನೂ ಇಲ್ಲ ಎಂದರು.

ಅದಾಗಿ ಕೆಲವು ದಿನಕ್ಕೆ ನಮ್ಮ ದಪ್ಪಣ್ಣನಿಗೆ ಜ್ವರ ಬಂತು. (ಕಡ್ಡಿಯ ಹಾಗಿದ್ದ ಮನುಷ್ಯ ಇನ್ನೂ ಸೊರಗಿದ್ದಾನೆ, ನಿಮ್ಮನ್ನು ಕೇಳಿದ.) ಹಿಟ್ಟು ನಾದಲು ಆಳಿಲ್ಲವೆಂದು ಬೆಳಿಗ್ಗೆ ನಾನೇ ಕೆಳಗಿಳಿದೆ. ಮೊದಲ ತಟ್ಟೆ ಒಲೆಯಿಂದ ಬಂತು, ಬೆಣ್ಣೆ ಬಿಸ್ಕತ್ತು. ಇವರು ಒಂದು ತೆಗೆದು ಬಾಯಿಗೆ ಹಾಕಿಕೊಂಡರು. ಎರಡನೆಯ ತಟ್ಟೆ, ಇನ್ನೊಂದು. ಆಮೇಲೆ ಪದರದ ರೋಲಿನ ತುದಿ, ಕೇಕಿನ ಅಂಚು, ಬೆರಳ ತುದಿಯಲ್ಲಿ ಕ್ರೀಮು. ನಾನು ಹಿಟ್ಟಿನ ಕೈಯಲ್ಲೇ ಹಣೆ ಚಚ್ಚಿಕೊಂಡೆ. ಇವರಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಇದು ತಿನ್ನೋದಲ್ಲ ಕಣೇ, ರುಚಿ ನೋಡೋದು" ಎಂದರು. ಮೊದಲ ಚೂರು ನಮ್ಮ ಬಾಯಿಗೆ, ಆಮೇಲೆ ಗಿರಾಕಿಯ ಬಾಯಿಗೆ ಎಂಬುದು ಮಾವನವರು ಹಾಕಿದ ಪದ್ಧತಿಯಲ್ಲವೇ? ಅದು ಇವರ ಲೆಕ್ಕದಲ್ಲಿ ಕೆಲಸ. ಒಲೆಗೆ ಬೆಂಕಿ ಹಾಕಿದ ಹಾಗೆ, ಹಿಟ್ಟು ಜರಡಿ ಹಿಡಿದ ಹಾಗೆ. ಅದನ್ನು ಯಾವ ಡಾಕ್ಟರಿಗಾದರೂ ಊಟ ಎಂದು ಹೇಳುತ್ತಾರೆಯೇ!

ನಾನು ಜಗಳವಾಡಲಿಲ್ಲ. ಇವತ್ತೊಂದು ದಿನ ಬಾಯಿಗೆ ಹಾಕುವ ಚೂರನ್ನೆಲ್ಲ ಈ ಬೋಗುಣಿಗೆ ಹಾಕಿ ಎಂದೆ. ಮಧ್ಯಾಹ್ನದ ಹೊತ್ತಿಗೆ ಬೋಗುಣಿ ತುಂಬಿ ಮೇಲೆ ಗೋಪುರವಾಗಿತ್ತು. ಇವರು ಅದನ್ನು ಎರಡು ಕೈಯಲ್ಲಿ ಎತ್ತಿ, ಮತ್ತೆ ಕೆಳಗಿಟ್ಟರು. ಆಮೇಲೆ "ಅಪ್ಪನೂ ಇಷ್ಟೇ ರುಚಿ ನೋಡ್ತಿದ್ರು" ಎಂದು ಮೆಲ್ಲಗೆ ಹೇಳಿ, ಮೋರೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದರು. ನನಗೂ ಅಳು ಬಂತು ಅತ್ತೆ, ಈಗ ಬರೆಯುವಾಗಲೂ ಬರುತ್ತಿದೆ.

ಆದರೂ ಪದ್ಧತಿ ಬಿಡಲು ಇವರು ಒಪ್ಪಬೇಕಲ್ಲ. ರುಚಿ ನೋಡದೆ ಮಾರಿದರೆ ರಾತ್ರಿ ನಿದ್ದೆ ಬರುವುದಿಲ್ಲವಂತೆ. ಸರಿ, ನಾನು ನೋಡುತ್ತೇನೆ ಎಂದೆ. ಅಂದಿನಿಂದ ತಟ್ಟೆ ಬಂದಾಗ ನಾನು ಬಾಯಿ ತೆರೆಯುತ್ತೇನೆ, ಇವರು ನನ್ನ ಮುಖ ನೋಡುತ್ತಾರೆ. ಉಪ್ಪು ಹೆಚ್ಚಾದರೆ ನನ್ನ ಹುಬ್ಬಿನಲ್ಲೇ ತಿಳಿಯುತ್ತದಂತೆ. ಆಮೇಲೆ ನೋಡಿ, ಅದೇ ಊಟ, ಅದೇ ನಡಿಗೆ, ಸಂಖ್ಯೆ ತಾನಾಗಿ ಇಳಿಯಿತು. ಹೊಟ್ಟೆಯೂ ಕರಗಿದೆ, ಹಳೆಯ ಪ್ಯಾಂಟನ್ನು ಬೆಲ್ಟು ಬಿಗಿದು ನಿಲ್ಲಿಸಬೇಕಾಗಿದೆ. ನಿಮ್ಮ ಮಗ ಉಪವಾಸ ಬಿದ್ದಿಲ್ಲ, ಹೊಟ್ಟೆ ತುಂಬ ಉಣ್ಣುತ್ತಾರೆ. ಇದನ್ನು ನೀವು ನನ್ನ ಬಾಯಿಂದಲೇ ಕೇಳಬೇಕು ಎಂದು ನನಗಿತ್ತು.

ಮೈದುನನಿಗೂ ವಾರಗಿತ್ತಿಗೂ ನೆನಪು ಹೇಳಿ. ಮೈದುನನಿಗೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ, ಅವನೂ ಅದೇ ತಂದೆಯ ಮಗ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ, ಹಂಚುವಾಗ ನನಗೆ ಚೂರು ಕಡಿಮೆ ಬಿದ್ದರೂ ಪರವಾಗಿಲ್ಲ.

ಇಂತಿ ನಿಮ್ಮ,
ದೊಡ್ಡ ಸೊಸೆ

ತಾ.ಕ.: ಇವತ್ತು ಮಧ್ಯಾಹ್ನದ ಮೇಲೆ ಅಂಗಡಿಗೆ ರಜೆ, ಇವರು ಬೇಗನೇ ಸೇತುವೆಯ ಕಡೆ ಹೋಗಿದ್ದಾರೆ, ಬರುವುದರೊಳಗೆ ಬರೆದು ಅಂಟಿಸಬೇಕು. ಕಳೆದ ವಾರ ಡಾಕ್ಟರಮ್ಮ ಬಲವಂತ ಮಾಡಿ ನನ್ನ ರಕ್ತವನ್ನೂ ತೆಗೆಸಿದ್ದರು. ನಿನ್ನೆ ನಾನೊಬ್ಬಳೇ ಹೋಗಿ ವರದಿ ತಂದೆ. ಇವರು ಇಳಿದ ಜಾಗಕ್ಕೆ ನಾನು ಹತ್ತಿ ಕೂತಿದ್ದೇನೆ. ತಟ್ಟೆಯ ಚೂರೆಲ್ಲ ನನ್ನ ಹೊಟ್ಟೆಗೆ, ಸಂಜೆಯೆಲ್ಲ ಗಲ್ಲಾದಲ್ಲಿ ಕೂತದ್ದು, ಇನ್ನೇನಾಗುತ್ತದೆ? ನನಗೂ ಮೂರು ತಿಂಗಳು ಕೊಟ್ಟಿದ್ದಾರೆ. ಇವರಿಗೆ ಹೇಳಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆಯೇ ತಟ್ಟೆಯ ಮುಂದೆ ತಾವೇ ಬಾಯಿ ತೆರೆದು ನಿಲ್ಲುತ್ತಾರೆ. ಬಿಸ್ಕತ್ತನ್ನು ಕೈಯಲ್ಲಿ ಮುರಿದು, ಮೂಗಿನ ಹತ್ತಿರ ಹಿಡಿದು, ಬೆಣ್ಣೆ ಹಳೆಯದು, ಒಳಗೆ ಹಸಿಯಿದೆ ಎಂದು ತಿನ್ನದೆಯೇ ಹೇಳಬಲ್ಲವರು ಈ ಮನೆಯಲ್ಲಿ ನೀವೊಬ್ಬರೇ. ಒಲೆಯ ಪಕ್ಕ ಕುರ್ಚಿ ಹಾಕಿಕೊಡುತ್ತೇನೆ, ನನಗೂ ಅದನ್ನು ಕಲಿಸಿ. ಮಗನನ್ನು ನೋಡಲು ಬರಬೇಕಾಗಿಲ್ಲ, ಅವರು ಚೆನ್ನಾಗಿದ್ದಾರೆ. ನನಗೆ ಹೆದರಿಕೆಯಾಗಿದೆ ಅತ್ತೆ, ಈ ಸಲ ನನಗಾಗಿ ಬನ್ನಿ.