ಬೀಗ ಹಾಕಿದವರಿಗೆ ಮೊದಲ ಕೇಕ್

ಮಾರ್ಚ್ ೧೪, ಶುಕ್ರವಾರ

ಎರಡು ವರ್ಷದ ಹಿಂದೆ, ಶಾಲೆಗೆ ರಜೆ ಬಿಟ್ಟ ವಾರದಲ್ಲೇ, ಪುರಸಭೆಯವರು ನಮ್ಮ ಬಡಾವಣೆಯ ವಾಚನಾಲಯಕ್ಕೆ ಬೀಗ ಹಾಕಿದರು. ಚಾವಣಿ ಸೋರುತ್ತದೆ, ಬೇಗ ರಿಪೇರಿ ಮಾಡಿಸುತ್ತೇವೆ ಎಂದರು. ಈಗ ಆ ಚಾವಣಿಯ ಖರ್ಚಿಗೆ ನಾಳೆ ಅದರ ಮೆಟ್ಟಿಲ ಮೇಲೆ ನಾವೇ ಕೇಕ್, ಬಿಸ್ಕತ್ತು ಮಾರಬೇಕು.

ಏನು ಮಾಡುವುದೆಂದು ಸಂಜೆಯೆಲ್ಲ ತಂಗಿಯ ಜೊತೆ ಚರ್ಚೆ. ನನಗೆ ಒಣಹಣ್ಣು ತುಂಬಿದ ಹಳೇ ಕಾಲದ ಕೇಕಿನ ಆಸೆ.

"ಅಕ್ಕಾ, ಅದನ್ನ ನೀನೂ ನಿನ್ನ ಪುಸ್ತಕಗಳೂ ತಿನ್ನಬೇಕು ಅಷ್ಟೆ. ಬಾಳೆಹಣ್ಣಿನ ಕೇಕ್, ಬೆಣ್ಣೆ ಬಿಸ್ಕತ್ತು ಮಾಡು. ಕಷ್ಟಾನೂ ಇಲ್ಲ, ಮಕ್ಕಳು ಮುಗಿಬೀಳ್ತಾರೆ."

ಒಪ್ಪಿದೆ. ಹಣ್ಣು ಕಿವುಚುತ್ತಿದ್ದಾಗ ಮೆಲ್ಲಗೆ ಹೇಳಿದಳು: "ಮೊದಲ ಕೇಕನ್ನ ಪುರಸಭೆ ಅಧ್ಯಕ್ಷರೇ ಕತ್ತರಿಸೋದಂತೆ. ನಮ್ಮ ವಾಚನಾಲಯ ಸಮಿತಿಯೋರೇ ಕರೆದಿದ್ದಾರೆ. ನೀನು ಜಗಳ ತೆಗೀಬೇಡ ಮತ್ತೆ."

ಬೀಗ ಜಡಿಸಿದವರನ್ನೇ ಕರೆದು ಕೈಗೆ ಚಾಕು ಕೊಡುವ ಬುದ್ಧಿ ನಮ್ಮವರಿಗಲ್ಲದೆ ಇನ್ನಾರಿಗೆ ಬಂದೀತು. ಅಪ್ಪ ನನಗೆ ಅಕ್ಷರ ಕೂಡಿಸಿ ಓದಲು ಕಲಿಸಿದ್ದು ಆ ಕೋಣೆಯಲ್ಲಿ. ಈಗ ಒಂದನೇ ತರಗತಿಗೆ ಸೇರಿದ ಮಕ್ಕಳು ಅದರ ಒಳಗನ್ನೇ ಕಂಡಿಲ್ಲ. ಮನೆಯೆಲ್ಲ ಬೆಣ್ಣೆಯ ಘಮ; ಒಂದು ಚೂರು ಬಾಯಿಗಿಡಲೂ ನನಗೆ ಮನಸ್ಸಾಗಲಿಲ್ಲ.

ಕೇಕ್ ಒಯ್ಯುತ್ತೇನೆ. ಆದರೆ ಅದನ್ನು ಕತ್ತರಿಸುವ ಮೊದಲು ಅಧ್ಯಕ್ಷರು ಇಷ್ಟು ದಿನ ಬಾಗಿಲು ಯಾಕೆ ತೆರೆಯಲಿಲ್ಲವೆಂದು ಹೇಳಲಿ. ಸಮಿತಿಯ ಕಿವಿಯಲ್ಲಲ್ಲ, ಮೆಟ್ಟಿಲ ಮೇಲೆ ನಿಂತು, ಮಕ್ಕಳ ಮುಖ ನೋಡಿ ಹೇಳಲಿ.