ಪ್ಲಿಮತ್ ಕಾರಿನ ಹಿಂದಿನ ಸೀಟು

ಚನ್ನಗಿರಿ
20-3-1983

ಮಗಳು ಉಡಚಮ್ಮನಿಗೆ ನಿನ್ನ ಅಪ್ಪನ ಆಶೀರ್ವಾದ.

ನಾವಿಲ್ಲಿ ನೆಟ್ಟಗಿದ್ದೇವೆ. ಜಗಳೂರಿನ ನೀರು ನಿನಗೆ ಒಗ್ಗಿತೋ ಇಲ್ಲವೋ ಅಂತ ನಿನ್ನ ಅವ್ವ ದಿನಕ್ಕೆರಡು ಸಲ ನನ್ನನ್ನು ಕೇಳುತ್ತಾಳೆ, ನಾನೇನೋ ಈಗಷ್ಟೇ ಅಲ್ಲಿಂದ ಬಸ್ಸಿಳಿದು ಬಂದವನ ಹಾಗೆ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ತಡವಾಯಿತೆಂದು ಬೈಯಬೇಡ. ಗ್ಯಾರೇಜಿನಲ್ಲಿ ಕೈತುಂಬ ಕೆಲಸವಿತ್ತು ಅಂತ ಬರೆಯಬಹುದು, ಅದು ಅರ್ಧ ನಿಜ.

ನಿನ್ನ ಸೋದರಮಾವ ತಿಪ್ಪೇಶಿ ನನಗಿಂತ ಮೊದಲೇ ಸುದ್ದಿ ಮುಟ್ಟಿಸಿದ್ದಾನೆ. ಸಾವ್ಕಾರರ ಕಾರಿನ ಸೀಟಿನ ಮೇಲೆ ಅಪ್ಪ ಕೂತನಂತೆ, ಪೂರಾ ಬರಿ, ಶಾಲೆಯ ಮಕ್ಕಳಿಗೆ ಹೇಳಬೇಕು ಅಂತ ಕೇಳಿದ್ದೀಯ. ಸರಿ, ಕೇಳು.

ತ್ಯಾವಣಿಗೆಯ ಅಕ್ಕಿ ಗಿರಣಿ ಮಲ್ಲೇಶಪ್ಪ ಬೊಂಬಾಯಿಯಿಂದ ಒಂದು ಹಳೆಯ ಅಮೆರಿಕದ ಕಾರು ತಂದಿದ್ದಾನೆ. (ಕಾಗದದಲ್ಲಿ ಅವನನ್ನು ಏಕವಚನದಲ್ಲೇ ಬರೆಯುತ್ತೇನೆ. ಎದುರಿಗೆ ಆಗದ್ದು ಇಲ್ಲಾದರೂ ಆಗಲಿ.) ಪ್ಲಿಮತ್ ಅಂತ. ಎರಡೇ ಬಾಗಿಲು, ಎಂಟು ಸಿಲಿಂಡರು, ಸ್ಟಾರ್ಟ್ ಮಾಡಿದರೆ ಗಿರಣಿಯ ಗೋಡೆ ಗಡಿಯಾರ ಅಲ್ಲಾಡುತ್ತದೆ. ಕಾರು ಬಂಗಾರ, ಯಜಮಾನನ ತಲೆಯೊಳಗೆ ತೌಡು. ಗಾಲಿಗಳು ತುಕ್ಕು ಹಿಡಿದು ಬಿರುಕು ಬಿಟ್ಟಿದ್ದವು. ಬೇರೆ ಹಾಕಬೇಕು, ಅದೂ ಅಗಲದವೇ ಆಗಬೇಕು ಅಂತ ಯಾವುದೋ ಕ್ಯಾಲೆಂಡರಿನ ಚಿತ್ರ ಮಡಚಿ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ.

ಅಷ್ಟರಲ್ಲಿ ಅವನ ಭಾವಮೈದ ಚಿತ್ತಪ್ಪ ಹೊನ್ನಾಳಿಯಿಂದ ನಾಲ್ಕು ಜೀಪಿನ ಗಾಲಿ ಹೊರಿಸಿಕೊಂಡು ಬಂದ. ಚಿತ್ತಪ್ಪ ಪಿಯುಸಿಗೆ ಮೂರು ಸಲ ಕೂತು ಮೂರು ಸಲವೂ ಡುಮ್ಕಿ ಹೊಡೆದವನು, ಹಾಗಾಗಿ ಅವನಿಗೆ ತಿಳಿಯದ ವಿಷಯವಿಲ್ಲ.

"ಐದು ಬೋಲ್ಟು ಐತೆ, ಐದು ತೂತು ಐತೆ. ಇನ್ನೇನು ಜಾತಕ ನೋಡಬೇಕೇನ್ಲಾ ಮೂಕ?" ಅಂದ.

"ಲೆಕ್ಕ ಸರಿ ಐತ್ರಿ, ಗ್ಯಾಪು ಸರಿ ಇಲ್ಲ" ಅಂದೆ. ಬೋಲ್ಟಿನಿಂದ ಬೋಲ್ಟಿಗೆ ದಾರ ಹಿಡಿದು ತೋರಿಸಿದೆ. ಜೀಪಿನ ತೂತುಗಳ ನಡುವೆ ಅರ್ಧ ಇಂಚಿಗೂ ಮೇಲೆ ಹೆಚ್ಚಿತ್ತು.

"ಹಂಗಾದ್ರೆ ಅರ ಹಾಕಿ ತೂತು ಎಳಿ. ಕಬ್ಬಿಣ ತಾನೆ, ಏನು ಅಳ್ತೈತಾ?"

ತೂತು ಎಳೆದ ಗಾಲಿ ದಾರಿಯಲ್ಲಿ ಕಳಚಿಕೊಂಡು ಓಡಿದರೆ ಹಿಂದೆ ನೀನು ಓಡುತ್ತೀಯಾ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ, ಆಗೋದಿಲ್ಲ ಅಂದೆ ಅಷ್ಟೆ.

ತಿಪ್ಪೇಶಿಯನ್ನು ಕರೆದುಕೊಂಡು ದಾವಣಗೆರೆಯ ಗುಜರಿಗಳಲ್ಲಿ ಎರಡು ದಿನ ಹುಡುಕಿ ಹಳೆಯ ಡಾಡ್ಜ್ ಕಾರಿನ ನಾಲ್ಕು ಗಾಲಿ ತಂದೆ. ನಟ್ಟುಗಳು ಬೆರಳಲ್ಲೇ ತಿರುಗಿ ಕೂತವು. ಸಾವ್ಕಾರನ ಆಸೆಯಂತೆ ಒಂದಿಂಚು ಅಗಲವೂ ಇದ್ದವು. ಆದರೆ ಅಗಲದ ಗಾಲಿ ನಿಂತಲ್ಲಿ ಚೆಂದ ಕಂಡರೆ ಸಾಲದು ನೋಡು. ಹಿಂದೆ ಜನ ಕೂತು, ಗಾಡಿ ತಗ್ಗಿ, ತಿರುವಿನಲ್ಲಿ ಎಲ್ಲರೂ ಒಂದೇ ಕಡೆ ವಾಲಿದಾಗ ಟೈರು ಮಡ್‌ಗಾರ್ಡಿನ ಅಂಚಿಗೆ ತಾಗಬಾರದು. ತಾಗಿದರೆ ಹಿಂದೆ ಕೂತವನ ಬೆನ್ನಿಗೆ ಅದು ಮೊದಲು ಗೊತ್ತಾಗುತ್ತದೆ.

"ನಾನು, ತಿಪ್ಪೇಶಿ ಹಿಂದೆ ಕೂರ್ತೀವಿ ಸಾವ್ಕಾರ್ರೆ. ನೀವು ಓಡಿಸ್ರಿ" ಅಂದೆ.

ಮಲ್ಲೇಶಪ್ಪ ಕನ್ನಡಕ ತೆಗೆದು ಒರೆಸಿದ. "ನಂದೇನಿಲ್ಲ ಮೂಕಪ್ಪ. ಮನ್ಯಾಗೆ ಹೆಂಗಸ್ರು ಒಪ್ಪಲ್ಲ. ಸೀಟು ಬ್ಯಾರೆ ಹೊಸಾದು."

ನನ್ನ ಹೆಸರಿನ ಮುಂದೆ 'ಅಪ್ಪ' ಸೇರಿತೆಂದರೆ ಏನೋ ಹೊಲಸು ಮಾತು ಬರುತ್ತಿದೆ ಅಂತಲೇ ಲೆಕ್ಕ. ಅದೇ ಕಾರಿನ ಕೆಳಗೆ ನಾಲ್ಕು ದಿನ ಅಂಗಾತ ಮಲಗಿದ್ದೆ, ಆಗ ಯಾವ ಹೆಂಗಸಿನದೂ ತಕರಾರಿರಲಿಲ್ಲ. ನಮ್ಮ ಕೇರಿಯವರು ಕೆಳಗಿರುವ ತನಕ ಆ ಮನೆಯಲ್ಲಿ ಎಲ್ಲರದೂ ದೊಡ್ಡ ಮನಸ್ಸು.

ದಾರಿ ಕಂಡುಹಿಡಿದವನು ಚಿತ್ತಪ್ಪನೇ. "ಆಳು ಯಾಕೆ ಭಾವ? ಎರಡು ಚೀಲ ಅಕ್ಕಿ ಏರಿಸಿದ್ರೆ ಆತು."

ತೌಡಿನ ಧೂಳು ಮೆತ್ತಿದ ಎರಡು ಚೀಲ ಹಿಂದಿನ ಸೀಟಿಗೆ ಹೋದವು. ಹಗ್ಗ ಹಾಕಿ ಬಿಗಿದರು. ಹೆಂಗಸರು ಒಪ್ಪಿದರು ಅಂತ ಕಾಣುತ್ತದೆ. ಬಿಗಿದ ಚೀಲ ವಾಲುತ್ತದೆಯೇ? ಟೈರು ತಾಗಿದರೆ ಕೂಗಿ ಹೇಳುತ್ತದೆಯೇ? ಗಿರಣಿಯ ಸುತ್ತ ಎರಡು ಸುತ್ತು ಹಾಕಿ, ಫಸ್ಟ್ ಕ್ಲಾಸ್ ಅಂತ ಭಾವ ಭಾವಮೈದ ಕೈ ಕುಲುಕಿಕೊಂಡರು. "ಕೂತು ನೋಡದೆ ನಾನು ಸರಿ ಐತೆ ಅನ್ನಲ್ಲ" ಅಂತ ಹೇಳಿ ಸ್ಪ್ಯಾನರು ಕಟ್ಟಿಕೊಂಡು ಬಂದುಬಿಟ್ಟೆ. ನೀನು ನೌಕರಿಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ "ಅಪ್ಪಾ, ಇನ್ನು ಯಾರ ಮುಂದೂ ಕುಗ್ಗಿ ಕೂರಬ್ಯಾಡ" ಅಂದಿದ್ದೆ, ನಾನು ಹೂಂ ಅಂದಿದ್ದೆ. ದಾರಿಯುದ್ದಕ್ಕೂ ಅದೇ ನೆನಪಾಯಿತು.

ಮುಂದಿನ ಭಾನುವಾರ ಆ ಮನೆಯವರು ಐದು ಜನ ಪ್ಲಿಮತ್ ಹತ್ತಿ ಚಿತ್ತಪ್ಪನಿಗೆ ಹೆಣ್ಣು ನೋಡಲು ನ್ಯಾಮತಿಗೆ ಹೊರಟರು. ಹೊನ್ನಾಳಿ ದಾಟಿದ ಮೇಲೆ ಒಂದು ತಿರುವು. ಎಲ್ಲರೂ ಒಂದೇ ಕಡೆ ವಾಲಿದರು, ಟೈರು ಅಂಚಿಗೆ ಉಜ್ಜಿ ಸೀಳಿಹೋಯಿತು. ಯಾರಿಗೂ ಏನೂ ಆಗಲಿಲ್ಲ. ಸ್ಟೆಪ್ನಿ ಇರಲಿಲ್ಲ. ಕಡೆಗೆ ಗೊಬ್ಬರ ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ, ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು, ಹೆಣ್ಣಿನ ಮನೆ ಬಾಗಿಲಲ್ಲಿ ಇಳಿದರಂತೆ. ಆ ಟ್ರೇಲರಿನಲ್ಲಿ ಹಿಂದಿನ ದಿನ ಯಾವ ಕೇರಿಯವರು ಕೂತಿದ್ದರು ಅಂತ ಅವತ್ತು ಯಾರೂ ವಿಚಾರಿಸಲಿಲ್ಲ. ಹೆಣ್ಣಿನವರು ಮೂಗು ಮುಚ್ಚಿಕೊಂಡೇ ಉಪ್ಪಿಟ್ಟು ಕೊಟ್ಟರು, ಆಮೇಲೆ ಬರೆದು ತಿಳಿಸುತ್ತೇವೆ ಅಂದರು. ಇನ್ನೂ ಬರೆದಿಲ್ಲ. ನಿನ್ನ ಅವ್ವ ಇದನ್ನು ಕೇಳಿ ನಕ್ಕು ನಕ್ಕು ಒಲೆಯ ಮೇಲಿನ ಮುದ್ದೆ ಸೀಯಿಸಿದಳು.

ಮಾರನೆಯ ದಿನ ಮಲ್ಲೇಶಪ್ಪ ತಾನೇ ಗ್ಯಾರೇಜಿಗೆ ಬಂದ.

"ಏನಾರ ಮಾಡು ಮಾರಾಯ. ಊರಾಗೆ ತಲೆ ಎತ್ತಂಗಿಲ್ಲ" ಅಂದ.

"ಮಾಡ್ತೀನ್ರಿ. ನಾವಿಬ್ರು ಹಿಂದೆ ಕೂರಬೇಕು."

ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ. "ಆತು, ಬೆಳಿಗ್ಗೆ ಬಾ" ಅಂದ.

ನಿನ್ನ ಮೊದಲ ಸಂಬಳದಲ್ಲಿ ಹೊಲಿಸಿಕೊಟ್ಟ ಬಿಳಿ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆಸಿ ಹಾಕಿಕೊಂಡು ಹೋದೆ. ಸೀಳಿದ ಟೈರಿನ ಜಾಗಕ್ಕೆ ಅಂಥದ್ದೇ ಇನ್ನೊಂದನ್ನು ಸಾವ್ಕಾರ ಅಷ್ಟರಲ್ಲಿ ಹಾಕಿಸಿದ್ದ. ನಾನು, ತಿಪ್ಪೇಶಿ ಹಿಂದೆ ಕೂತೆವು. ಸಾವ್ಕಾರ ಡ್ರೈವರಾದ, ಪಕ್ಕದಲ್ಲಿ ಚಿತ್ತಪ್ಪ ಬಾಯಿಗೆ ಬೀಗ ಹಾಕಿಕೊಂಡು ಕೂತ. ತ್ಯಾವಣಿಗೆಯ ಪೇಟೆ ಬೀದಿಯಲ್ಲೇ ಹೋದೆವು. ಹೋಟೆಲಿನ ಮುಂದಿದ್ದವರು ಟೀ ಲೋಟ ಹಿಡಿದುಕೊಂಡೇ ಎದ್ದು ನಿಂತರು. ಕೆರೆ ಏರಿಯ ತಿರುವಿನಲ್ಲಿ ನನ್ನ ಬೆನ್ನ ಹಿಂದೆ 'ಕರ್' ಅಂತು.

"ನಿಲ್ಸ್ರಿ" ಅಂದೆ. ನಿಲ್ಲಿಸಿದ. ನನ್ನ ಮಾತಿಗೆ ಅವನು ಬ್ರೇಕ್ ಒತ್ತಿದ್ದು ನನಗೆ ಹಬ್ಬದೂಟದಷ್ಟು ಹಿತವಾಯಿತು, ಸುಳ್ಳು ಹೇಳಲಾರೆ.

ತಾಗಿದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಅಂಚನ್ನು ಒಳಕ್ಕೆ ಬಡಿದು ಮಡಚಿದೆ. ಹಿಂದಿನ ಎರಡಕ್ಕೂ ಒಂದು ಸೈಜು ಕಿರಿದಾದ ಟೈರು ಹಾಕಿಸಿದೆ. ಮತ್ತೊಮ್ಮೆ ಕೂತು ಅದೇ ತಿರುವಿಗೆ ಹೋಗಿ ಬಂದೆವು. ಸದ್ದಿಲ್ಲ. ಸರಿ ಐತೆ ಅಂದೆ. ಇಷ್ಟು ವಿಷಯ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿಸಿಲಲ್ಲಿ ಬರಿತಲೆಯಲ್ಲಿ ಓಡಾಡಬೇಡ. ನಿನ್ನ ಕೈಯಲ್ಲಿ ಅಕ್ಷರ ಕಲಿತ ಮಕ್ಕಳೆಲ್ಲ ನಮಗಿಂತ ಗಟ್ಟಿಯಾಗಲಿ, ನೀನು ನೂರು ಕಾಲ ಬಾಳು.

ಇಂತಿ ನಿನ್ನ ಅಪ್ಪ,
ಮೂಕಪ್ಪ

ತಾ.ಕ.: ಇದನ್ನು ಮಕ್ಕಳಿಗೆ ಹೇಳಬೇಡ. ಹೇಳಲೇಬೇಕಾದರೆ ಇದನ್ನೂ ಸೇರಿಸಿ ಹೇಳು. ಮಲ್ಲೇಶಪ್ಪ ಬಾಗಿಲು ತೆಗೆದು "ಕೂತ್ಕ" ಅಂದ. ಮತ್ತೇನೂ ಹೇಳಲಿಲ್ಲ. ಚಿತ್ತಪ್ಪನೂ ಹೇಳಲಿಲ್ಲ. ನಾನೇ ಹೆಗಲ ಮೇಲಿನ ಟವಲು ತೆಗೆದು ಸೀಟಿನ ಮೇಲೆ ಹಾಸಿ, ಅದರ ಮೇಲೆ ಕೂತೆ. ಗ್ರೀಸಿನ ನೆಪ ಹೇಳೋಣವೆಂದರೆ ನೀನು ಹೊಲಿಸಿದ ಅಂಗಿಯ ಮಡಿಕೆ ಕೂಡ ಅವತ್ತೇ ಬಿಚ್ಚಿದ್ದು. ಕೈ ತಾನಾಗಿ ಹೋಯಿತು. ತಿಪ್ಪೇಶಿ ನೋಡಿದ, ಆದರೆ ನಿನಗೆ ಅದನ್ನು ಬರೆದಿಲ್ಲ. ಎರಡನೆಯ ಸಲ ಕೂರುವಾಗ ಟವಲು ತೆಗೆಯಬೇಕು ಅಂದುಕೊಂಡೆ, ತೆಗೆಯಲಿಲ್ಲ. ಈ ಹದಿನೈದು ದಿನ ಪೆನ್ನು ಹಿಡಿಯಲಾಗದ್ದು ಅದಕ್ಕೇ. ಅಕ್ಕಿಯ ಚೀಲ ಬರೀ ಸೀಟಿನ ಮೇಲೆ ಕೂತಿತ್ತು, ಮಗಳೇ.